ಉಪವಾಸದ ಇಲಿಗಳಲ್ಲಿ ರಕ್ತದೊತ್ತಡ ಇಳಿಯುವುದೇಕೆ?

ಎರಡು ದಿನ ಆಹಾರವಿಲ್ಲದ ಇಲಿಯ ರಕ್ತದೊತ್ತಡ ಇಳಿಯುವುದು ಉಪ್ಪು ಕಡಿಮೆಯಾಗಿಯೋ ನರಗಳಿಂದಲೋ ಎಂದು ನೀವು ಕೇಳಿದ್ದೀರಿ. ಆಹಾರದೊಡನೆ ಉಪ್ಪೂ ನಿಲ್ಲುವುದರಿಂದ ಅದರ ಪಾಲು ಇದ್ದೇ ಇದೆ, ಆದರೆ ಮುಖ್ಯ ಕಾರಣ ನರಗಳದ್ದೆಂದೇ ನನ್ನ ಅಭಿಪ್ರಾಯ. 1977ರಲ್ಲಿ ಸಂಶೋಧಕರಾದ ಯಂಗ್ ಮತ್ತು ಲ್ಯಾಂಡ್ಸ್‌ಬರ್ಗ್ ಅವರು, ಉಪವಾಸವಿದ್ದ ಇಲಿಯ ಹೃದಯದಲ್ಲಿ ನರತುದಿಗಳು ಬಿಡುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಉತ್ಪತ್ತಿಯಾಗಿ ಬಳಕೆಯಾಗುವ ವೇಗವೇ ಕುಗ್ಗುತ್ತದೆ, ಅಂದರೆ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವ ಸಿಂಪಥೆಟಿಕ್ ನರಮಂಡಲ ತಣ್ಣಗಾಗುತ್ತದೆ ಎಂದು ತೋರಿಸಿದರು.

ಇದು ಒಂದು ಬಗೆಯ ಉಳಿತಾಯ. ಇಲಿ ರಾತ್ರಿ ತಿನ್ನುವ ಪ್ರಾಣಿಯಾದ್ದರಿಂದ ಒಂದು ರಾತ್ರಿ ಮೇವು ತಪ್ಪಿದರೂ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಬಹುಪಾಲು ಕರಗಿ, ಇನ್ಸುಲಿನ್ ಇಳಿದು, ದೇಹ ಕೊಬ್ಬನ್ನೂ ಅದರಿಂದ ತಯಾರಾಗುವ ಇಂಧನವಾದ ಕೀಟೋನ್‌ಗಳನ್ನೂ ಉರಿಸತೊಡಗುತ್ತದೆ. ಆಮ್ಲಜನಕದ ಬಳಕೆಯೂ ಹೃದಯ ಬಡಿತವೂ ಕಡಿಮೆಯಾಗುತ್ತವೆ. (ನಮಗೆ ಒಂದು ಹೊತ್ತಿನ ಊಟ ತಪ್ಪಿದಂತಲ್ಲ ಇದು, ಪುಟ್ಟ ದೇಹದ ಖರ್ಚು ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು.)

ಅಳತೆಯ ವಿಧಾನವನ್ನೂ ಗಮನಿಸಿ. ಇಲಿಯನ್ನು ಕೊಳವೆಯಲ್ಲಿ ಹಿಡಿದಿಟ್ಟು ಬಾಲಕ್ಕೆ ಪಟ್ಟಿ ಬಿಗಿದಾಗ ಗಾಬರಿಯಿಂದಲೇ ಒತ್ತಡ ಏರಬಹುದು, ಹೀಗಾಗಿ ದೇಹದೊಳಗೆ ಅಳವಡಿಸಿದ, ಒತ್ತಡವನ್ನು ಅಳೆದು ರೇಡಿಯೊ ಮೂಲಕ ಹೊರಗೆ ಕಳಿಸುವ ಟೆಲಿಮೆಟ್ರಿ ಸಾಧನದ ಅಂಕಿಗಳನ್ನೇ ನಾನು ಹೆಚ್ಚು ನಂಬುತ್ತೇನೆ.