ಕಟ್ಟಡ ಆಮೇಲೆ, ಮೊದಲು ದೊಡ್ಡಮ್ಮನ ಚೀಲ

ಮಂಡ್ಯದ ಸುಭಾಷ್‌ನಗರದಿಂದ ಬರೆದಿರುವ ತಾಯಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಾಲ್ಕು ಪುಟದ ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗ ಸಾಲದು. ಬೇರೆ ಓದುಗರಿಗಾಗಿ ವಿಷಯ ಇಷ್ಟು: ನಿಮ್ಮ ದೊಡ್ಡಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ರಿಟೈರ್ ಆದ ಮೇಲೆ 22 ವರ್ಷ, ಬೆಳಗ್ಗೆ ತಿಂಡಿ ಮುಗಿಸಿ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ವಯಸ್ಸಾದವರ ಮನೆಮನೆಗೆ ಹೋಗಿ ಬರುತ್ತಿದ್ದರು. ಈ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ತೀರಿಕೊಂಡರು. ಅವರದೊಂದು 30–40 ಸೈಟಿದೆ. ಅಲ್ಲಿ ಅವರ ಹೆಸರಿನಲ್ಲಿ ವೃದ್ಧಾಶ್ರಮ ಕಟ್ಟಬೇಕು ಅನ್ನುವುದು ನಿಮ್ಮ ಆಸೆ. ತಿಥಿಗೆ ಬಂದವರಲ್ಲಿ ಕೆಲವರು ಸಿಮೆಂಟು, ಕಬ್ಬಿಣ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ‘ಕಟ್ಟಲಾ? ನನ್ನಂಥವಳ ಕೈಯಲ್ಲಿ ಇದೆಲ್ಲ ಆಗುತ್ತಾ?’ ಎಂದು ಕೇಳಿದ್ದೀರಿ.

ಈಗಲೇ ಕಟ್ಟಬೇಡಿ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ.

ಪತ್ರದ ಜೊತೆ ದೊಡ್ಡಮ್ಮನ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೀರಿ. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ‘ಸೋಮವಾರ, ಮೇಷ್ಟ್ರ ಮನೆ. ಕಾಲುಗುರು ತೆಗೆದೆ. ಮಗನ ಫೋನು ಎರಡು ವಾರದಿಂದ ಇಲ್ಲ.’ ‘ಮಂಗಳವಾರ, ಗುತ್ತಲು ರಸ್ತೆ ಅಜ್ಜಿ. ಪಿಂಚಣಿ ಮೂರು ತಿಂಗಳಿಂದ ಬಂದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಬೇಕು.’ ‘ಬುಧವಾರ, ಮಕ್ಕಳಿಲ್ಲದ ಗಂಡ–ಹೆಂಡತಿ. ಸುಮ್ನೆ ಕೂತು ಬಂದೆ.’ ‘ಗುರುವಾರ, ಅಜ್ಜಿ ಕನ್ನಡಕದ ಸ್ಕ್ರೂ.’

ಸುಮ್ನೆ ಕೂತು ಬಂದದ್ದನ್ನೂ ಅವರು ಬರೆದಿಟ್ಟಿದ್ದಾರೆ. ಅದೂ ಅವರ ಲೆಕ್ಕದಲ್ಲಿ ಒಂದು ದಿನದ ಕೆಲಸ.

ಆ ಕಾಲುಗುರಿನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತೈದು ದಾಟಿದವರ ಕಾಲುಗುರು ಎಷ್ಟೋ ಸಲ ಹಳದಿ ತಿರುಗಿ, ದಪ್ಪವಾಗಿ, ಬಾಗಿಕೊಂಡಿರುತ್ತದೆ. ಅವರಿಗೆ ಬಗ್ಗಲು ಆಗುವುದಿಲ್ಲ. ಬಗ್ಗಿದರೂ ಕಣ್ಣಿಗೆ ಕಾಣುವುದಿಲ್ಲ. ಮಗನನ್ನು ಕೇಳಲು ಸಂಕೋಚ, ಸೊಸೆಯನ್ನು ಕೇಳಲು ಇನ್ನೂ ಜಾಸ್ತಿ ಸಂಕೋಚ. ಇಲ್ಲಿ ಮೈಸೂರಿನಲ್ಲಿ, ಕೃಷ್ಣಮೂರ್ತಿಪುರಂ ಮನೆಯಲ್ಲಿ, ನನ್ನ ತಂದೆ ಐದಾರು ತಿಂಗಳು ಕುಂಟಿಕೊಂಡೇ ಓಡಾಡಿದರು. ಮಂಡಿ ನೋವು ಅಂದುಕೊಂಡು ಎಕ್ಸ್‌ರೇ ತೆಗೆಸಿದೆವು, ಎಣ್ಣೆ ಹಚ್ಚಿದೆವು. ಕಡೆಗೆ ಊರಿಂದ ಬಂದ ಸೋದರತ್ತೆ ಬೇಸಿನ್‌ಗೆ ಬೆಚ್ಚಗಿನ ನೀರು ಹಾಕಿ, ಮಣೆ ಎಳೆದುಕೊಂಡು ಅವರ ಕಾಲ ಹತ್ತಿರ ಕೂತರು. ಹೆಬ್ಬೆರಳ ಉಗುರು ಬಾಗಿ ಪಕ್ಕದ ಬೆರಳನ್ನು ಕೊರೆಯುತ್ತಿತ್ತು. ಇಪ್ಪತ್ತು ನಿಮಿಷ ನೆನೆಸಿ, ಚೂರು ಚೂರೇ ತೆಗೆದರು. ಅಪ್ಪ ಏನೂ ಮಾತಾಡಲಿಲ್ಲ, ಅತ್ತೆಯ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅದೇ ಮನೆಯಲ್ಲಿ ನಾನೂ ಇದ್ದೆ. ಅವರ ಔಷಧಿಗೆ ಒಂದು ದಿನವೂ ಕಡಿಮೆ ಮಾಡಿರಲಿಲ್ಲ. ಆದರೆ ಅವರ ಪಾದ ನೋಡಿರಲಿಲ್ಲ. (ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ನೀವು ಕತ್ತರಿ ಹಾಕಬೇಡಿ. ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿ.)

ವೃದ್ಧಾಶ್ರಮವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ದಿಕ್ಕಿಲ್ಲದವರಿಗೆ ಅದು ಬೇಕೇ ಬೇಕು. ಚೆನ್ನಾಗಿ ನಡೆಸುವವರನ್ನು ಕಂಡರೆ ಕೈ ಮುಗಿಯುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಬಿದ್ದವರನ್ನು ಎತ್ತಲು ಜನ ಬೇಕು. ಅಡುಗೆಯವರು, ಆಯಾ, ನರ್ಸ್ ಬೇಕು. 30–40ರಲ್ಲಿ ಮಹಡಿ ಎತ್ತಲೇಬೇಕು. ಮೆಟ್ಟಿಲು ಹತ್ತಲಾಗದವರಿಗೆ ಮಹಡಿ ಮನೆ ಏನು ಪ್ರಯೋಜನ? ಸಿಮೆಂಟು ಕೊಡುವವರು ಒಂದು ಸಲ ಕೊಡುತ್ತಾರೆ, ಸಂಬಳ ಪ್ರತಿ ತಿಂಗಳೂ ಬರುತ್ತದೆ. ಆಗ ನೀವು ದೊಡ್ಡಮ್ಮನ ಚೀಲ ಕೆಳಗಿಟ್ಟು ರಸೀದಿ ಪುಸ್ತಕ ಹಿಡಿದು ಓಡಾಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆ ಹಾಳೆಯಲ್ಲಿರುವ ಯಾರೂ ಮನೆ ಬಿಟ್ಟು ಬರಲು ತುದಿಗಾಲಲ್ಲಿ ನಿಂತಿಲ್ಲ. ಅವರಿಗೆ ಅವರ ಜಗಲಿ ಬೇಕು, ಹಿತ್ತಲ ಕರಿಬೇವಿನ ಗಿಡ ಬೇಕು. ಅಲ್ಲಿಗೆ ಒಬ್ಬರು ಬರಬೇಕು, ಅಷ್ಟೆ.

ಡಾ. ಎಂ.ಸಿ. ಮೋದಿಯವರನ್ನು ನೆನಪಿಸಿಕೊಳ್ಳಿ. ಅವರ ಹೆಸರಿನ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಆದರೆ ಹಳ್ಳಿಯ ಮುದುಕರು ಅವರನ್ನು ನೆನೆದದ್ದು ಊರೂರಿಗೆ ಬಂದು ಶಿಬಿರ ಹಾಕಿ, ಕಾಸು ಕೇಳದೆ ಕಣ್ಣಿನ ಪೊರೆ ತೆಗೆದರು ಎಂದು. ಬಸ್ಸು ಹತ್ತಲಾಗದವರ ಹತ್ತಿರಕ್ಕೆ ಡಾಕ್ಟರೇ ಬಂದರು. ನಿಮ್ಮ ದೊಡ್ಡಮ್ಮ ಮಾಡಿದ್ದೂ ಅದೇ ಜಾತಿಯ ಕೆಲಸ.

ಈಗ ಚೀಲದೊಳಗಿನ ಕೆಲಸ. ಗುತ್ತಲು ರಸ್ತೆ ಅಜ್ಜಿಯ ಪಿಂಚಣಿ ನಿಂತಿದೆ ಅಂದರೆ ಅದು ಸಂಧ್ಯಾ ಸುರಕ್ಷಾ ಇರಬೇಕು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ. ಆಧಾರ್ ಒಂದು ಖಾತೆಗೆ, ಪಾಸ್‌ಬುಕ್ ಇನ್ನೊಂದಕ್ಕೆ ಇದ್ದರೆ ದುಡ್ಡು ಎಲ್ಲೋ ಹೋಗಿ ಕೂತಿರುತ್ತದೆ. ಮೊದಲು ಬ್ಯಾಂಕಿನಲ್ಲಿ ನೋಡಿಸಿ, ಆಮೇಲೆ ನಾಡಕಚೇರಿಗೆ ಹೋಗಿ. ಜೊತೆಗೆ ನೀವೇ ಹೋಗಿ, ಅಜ್ಜಿಯನ್ನು ಒಬ್ಬರೇ ಕಳಿಸಬೇಡಿ. ನನ್ನ ತಾಯಿ ಒಂದು ಬ್ಯಾಂಕಿನಿಂದ ಮೂರು ಸಲ ವಾಪಸ್ ಬಂದರು, ‘ಹೆಬ್ಬೆಟ್ಟು ಮೆಷಿನ್‌ಗೆ ಬರ್ತಿಲ್ಲ’ ಅಂತ. ಜೀವನಪೂರ್ತಿ ಪಾತ್ರೆ ತಿಕ್ಕಿ, ರಾಗಿ ಬೀಸಿ ಗೆರೆ ಸವೆದುಹೋದ ಬೆರಳು ಅದು, ಬರುವುದಾದರೂ ಹೇಗೆ? ಮೂರನೇ ದಿನ ಮನೆಗೆ ಬಂದು ಆ ಬೆರಳನ್ನೇ ನೋಡುತ್ತಾ ಕೂತಿದ್ದರು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕು. ಅದನ್ನು ಒಮ್ಮೆ ಕಲಿತುಕೊಳ್ಳಿ, ಹತ್ತಾರು ಮನೆಗೆ ಉಪಯೋಗಕ್ಕೆ ಬರುತ್ತದೆ.

ಜಮೀನಿನ ವಿಷಯ ಬಂದರೆ ಇನ್ನೂ ಹುಷಾರು. ನಮ್ಮ ಕಡೆ ನಾಲೆ ನೀರಿನ ಗದ್ದೆ ಇದ್ದವರ ಮನೆಯಲ್ಲಿ ‘ಖಾತೆ ಮಾಡಿಕೊಡಿ, ಆಮೇಲೆ ನಾವು ನೋಡ್ಕೋತೀವಿ’ ಎಂಬ ಮಾತು ಕೇಳಿಯೇ ಇರುತ್ತೀರಿ. ದಾನಪತ್ರ ಮಾಡಲೇಬೇಕಾದರೆ ‘ನನ್ನ ಊಟ, ಬಟ್ಟೆ, ಔಷಧಿ ನೋಡಿಕೊಳ್ಳಬೇಕು’ ಎಂಬ ಷರತ್ತು ಆ ಪತ್ರದೊಳಗೇ ಇರಲಿ ಎಂದು ಹೇಳಿ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನೇ ರದ್ದು ಮಾಡಿಸಬಹುದು. ಬಾಯಿಮಾತನ್ನು ನಂಬಿ ಸಹಿ ಹಾಕಿದವರು ಆಮೇಲೆ ತುಂಬಾ ಕಷ್ಟಪಡುತ್ತಾರೆ. ಅದೇ ಕಾಯ್ದೆಯಲ್ಲಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಲು ಎ.ಸಿ. ಸಾಹೇಬರಿಗೆ, ಅಂದರೆ ಉಪವಿಭಾಗಾಧಿಕಾರಿಗೆ, ಅಧಿಕಾರ ಇದೆ. ನಿಮ್ಮ ಜಿಲ್ಲೆಯಲ್ಲಿ ಎ.ಸಿ. ಕಚೇರಿ ಮಂಡ್ಯದಲ್ಲೂ ಪಾಂಡವಪುರದಲ್ಲೂ ಇದೆ. ಬುಧವಾರದ ಆ ಮಕ್ಕಳಿಲ್ಲದ ಗಂಡ–ಹೆಂಡತಿಗೂ ದಾರಿ ಇದೆ: ಅವರ ಆಸ್ತಿ ಮುಂದೆ ಯಾರಿಗೆ ಸೇರಬೇಕೋ ಆ ಸಂಬಂಧಿಕರನ್ನೇ ಕೇಳಬಹುದು. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 14567ಕ್ಕೆ ಫೋನ್ ಮಾಡಿ. ಹಿರಿಯರಿಗೆಂದೇ ಇರುವ ಉಚಿತ ಸಹಾಯವಾಣಿ ಅದು.

‘ಮೇಷ್ಟ್ರು ಈಗೀಗ ಯಾರ ಜೊತೆಗೂ ಮಾತೇ ಆಡಲ್ಲ’ ಎಂದೂ ಬರೆದಿದ್ದೀರಿ. ಕಿವಿ ಕೇಳಿಸುತ್ತಾ ಎಂದು ಒಮ್ಮೆ ನೋಡಿ. ಕೇಳಿಸದವರು ನಾಲ್ಕು ಸಲ ‘ಆಂ?’ ಅಂದು, ಐದನೇ ಸಲಕ್ಕೆ ಮಾತೇ ಬಿಟ್ಟುಬಿಡುತ್ತಾರೆ. ಇಲ್ಲಿ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ನಡೆದುಬಂದಿದೆ, ಮಂಡ್ಯದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಮೆಷಿನ್ ಕೊಡಿಸಿದ ಮೇಲೂ ಎರಡು ಮೂರು ಸಲ ಕರೆದುಕೊಂಡು ಹೋಗಿ ಸರಿಮಾಡಿಸಬೇಕು. ಇಲ್ಲದಿದ್ದರೆ ‘ಕುಯ್ ಅನ್ನುತ್ತೆ’ ಎಂದು ಬೀರುವಿನಲ್ಲಿ ಇಟ್ಟುಬಿಡುತ್ತಾರೆ.

ನಿಮ್ಮಂಥವರಿಂದ ಆಗುತ್ತಾ? ಆಗುತ್ತದೆ. ದೊಡ್ಡಮ್ಮನೂ ಮೊದಲ ದಿನವೇ ಇಪ್ಪತ್ತು ಮನೆಗೆ ಹೋಗಿರಲಿಕ್ಕಿಲ್ಲ. ನಿಮಗಿನ್ನೂ ಒಂದು ವರ್ಷ ಸರ್ವೀಸ್ ಇದೆ, ಮಂಡಿ ನೋವೂ ಇದೆ. ಸದ್ಯಕ್ಕೆ ಶನಿವಾರ ಮೂರು ಮನೆ, ಭಾನುವಾರ ಮೂರು ಮನೆ ಸಾಕು. ಆದರೆ ಅದೇ ಮನೆ, ಅದೇ ಹೊತ್ತು. ನೀವು ಹತ್ತು ಗಂಟೆಗೆ ಬರುತ್ತೀರಿ ಅಂದರೆ ಅವರು ಎಂಟಕ್ಕೇ ಸ್ನಾನ ಮಾಡಿ, ತಲೆ ಬಾಚಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ. ಬರಲು ಆಗದಿದ್ದರೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿ.

ಇನ್ನೊಂದು ಮಾತು. ಚೀಲದಲ್ಲಿ ಇಂಕ್ ಪ್ಯಾಡ್ ಇತ್ತು ಅಂದಿದ್ದೀರಿ. ಇರಲಿ. ಆದರೆ ಓದಿ ಹೇಳದೆ ಯಾವ ಕಾಗದಕ್ಕೂ ಅವರ ಹೆಬ್ಬೆಟ್ಟು ಹಾಕಿಸಬೇಡಿ. ಎಟಿಎಂ ಪಿನ್ ಕೇಳಿಸಿಕೊಳ್ಳಬೇಡಿ, ಉಯಿಲಿಗೆ ಸಾಕ್ಷಿ ಹಾಕಬೇಡಿ. ಆ ಮನೆಯ ಮಕ್ಕಳು ಎಲ್ಲೇ ಇರಲಿ, ‘ನಾನು ವಾರಕ್ಕೊಮ್ಮೆ ಬಂದು ಹೋಗುತ್ತೇನೆ’ ಎಂದು ಅವರಿಗೆ ನೀವೇ ತಿಳಿಸಿ. ಕಾಫಿ ಕೊಟ್ಟರೆ ಮಾತ್ರ ಬೇಡ ಅನ್ನಬೇಡಿ, ಅವರ ಕೈಯಿಂದ ಬರುವುದನ್ನು ಯಾರೂ ತೆಗೆದುಕೊಳ್ಳದೆ ಎಷ್ಟು ದಿನ ಆಗಿದೆಯೋ.

ಸೈಟು ಎಲ್ಲಿಗೂ ಹೋಗುವುದಿಲ್ಲ. ಎರಡು ವರ್ಷ ಓಡಾಡಿ ನೋಡಿ. ಆಮೇಲೂ ಕಟ್ಟಬೇಕು ಅನಿಸಿದರೆ, ನೆಲಮಟ್ಟದಲ್ಲಿ ಒಂದು ಹಾಲು, ಹಿಡಿದುಕೊಳ್ಳಲು ಕಂಬಿ ಇರುವ ಬಚ್ಚಲು, ಹಗಲು ಬಂದು ಕೂತು ಹೋಗುವಷ್ಟು ಜಾಗ ಮಾಡಿ. ಆಗ ನನಗೂ ಬರೆಯಿರಿ, ನಾನೂ ಬರುತ್ತೇನೆ.

ಮೊದಲು ಅಜ್ಜಿಯ ಆ ಕನ್ನಡಕ ಹುಡುಕಿ. ರಿಪೇರಿಗೆ ಕೊಟ್ಟಿದ್ದು ಇನ್ನೂ ದೊಡ್ಡಮ್ಮನ ಚೀಲದಲ್ಲೇ ಉಳಿದಿರಬಹುದು.

– ಸಂಪಾದಕ