ಸಿಲಿಂಡರಿನ ಎಣ್ಣೆ ಹೊಳೆ ಸೇರದಿರಲಿ

ಪ್ರಶ್ನೆ: ಸರ್, ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಎಣ್ಣೆಯ ಒತ್ತಡದಿಂದ ರಾಡ್ ತಳ್ಳುವ ಹೈಡ್ರಾಲಿಕ್ ಸಿಲಿಂಡರ್, ಆ ಎಣ್ಣೆಗೆ ಒತ್ತಡ ಕೊಡುವ ಪವರ್ ಪ್ಯಾಕ್ ಮಾಡುತ್ತೇವೆ. ನಮ್ಮ ಮಾಲು ಕೊಳ್ಳುವ ಯುರೋಪಿನ ಕಂಪನಿಯವರು ಈ ಸಲ ಒಂದು ಫಾರ್ಮ್ ಕಳಿಸಿದ್ದಾರೆ. ಜೀವವೈವಿಧ್ಯ ಉಳಿಸಲು ಏನು ಮಾಡುತ್ತಿದ್ದೀರಿ ಅಂತ ಅದರಲ್ಲಿ ಕೇಳಿದ್ದಾರೆ. ಕಾಂಪೌಂಡಿನ ಸುತ್ತ ಗಿಡ ನೆಟ್ಟಿದ್ದೇವೆ. ಇನ್ನೇನು ಮಾಡಬಹುದು? ಕಾಡು, ಪ್ರಾಣಿಗೂ ನಮ್ಮ ಕಸುಬಿಗೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ, ಅದೂ ತೀರಾ ಹತ್ತಿರದ್ದು. ಸಿಲಿಂಡರ್ ನಿಮ್ಮ ಶೆಡ್ಡಿನಲ್ಲಿ ಇರುವುದು ಕೆಲವೇ ವಾರ. ಆಮೇಲೆ ಅದು ವರ್ಷಗಟ್ಟಲೆ ಹೊರಗೆ ದುಡಿಯುತ್ತದೆ. ಹೊಳೆಯ ಹೂಳೆತ್ತುವ ಯಂತ್ರದಲ್ಲಿ, ಕಬ್ಬು ಕಟಾವು ಯಂತ್ರದಲ್ಲಿ, ಅಣೆಕಟ್ಟಿನ ಗೇಟಿನಲ್ಲಿ. ಅಲ್ಲಿ ಸೋರಿದ ಎಣ್ಣೆಗೆ ತಟ್ಟೆ ಇಡುವವರು ಯಾರೂ ಇರುವುದಿಲ್ಲ. ಅದು ಸೀದಾ ಮಣ್ಣಿಗೆ, ಇಲ್ಲವೇ ನೀರಿಗೆ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. 20 ಹನಿಗೆ 1 ಮಿಲಿಲೀಟರ್ ಅಂತ ಇಟ್ಟುಕೊಳ್ಳೋಣ. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ 4 ಲೀಟರಿಗೂ ಜಾಸ್ತಿ. ವರ್ಷವಿಡೀ ಹೀಗೇ ಬಿಟ್ಟರೆ 1,500 ಲೀಟರ್ ದಾಟುತ್ತದೆ. ಎಣ್ಣೆ ನೀರಿನ ಮೇಲೆ ಪದರವಾಗಿ ಹರಡುತ್ತದೆ. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ಹುಳಗಳಿಗೆ ಅದೇ ಕುತ್ತು. ಮಾಮೂಲಿ ಹೈಡ್ರಾಲಿಕ್ ಎಣ್ಣೆಗೆ ಸವೆತ ತಡೆಯಲು ಸತುವಿನ ಸಂಯುಕ್ತ ಬೆರೆಸಿರುತ್ತಾರೆ, ಅದೂ ಜಲಚರಗಳಿಗೆ ವಿಷ.

ಹಾಗಾಗಿ ಮೊದಲ ಕೆಲಸ ನಿಮ್ಮ ಡ್ರಾಯಿಂಗಿನಲ್ಲೇ ಶುರುವಾಗಬೇಕು. ಸೋರಿಕೆ ಹೇಗೆ ಹುಟ್ಟುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರಾಡಿನ ಕೊಳೆ ಒರೆಸುವ ವೈಪರ್ ಸವೆದು ಮರಳು, ಧೂಳು ಒಳಗೆ ನುಗ್ಗುತ್ತದೆ. ರಾಡಿನ ಮೇಲೆ ಗೀರು ಬೀಳುತ್ತದೆ. ಆ ಗೀರು ಹೋಗಿ ಬಂದು ಎಣ್ಣೆ ತಡೆಯುವ ಸೀಲನ್ನು ಕೊಯ್ಯುತ್ತದೆ. ನಾಲ್ಕು ಕಾಸು ಉಳಿಸಲು ಅಗ್ಗದ ವೈಪರ್ ಹಾಕುವ ಕಡೆ ನನ್ನ ತಕರಾರು ಇರುವುದು. ನೀರು, ಕೆಸರಿನಲ್ಲಿ ಕೆಲಸ ಮಾಡುವ ಮಾಡೆಲ್‌ಗಳಿಗಾದರೂ ಎರಡು ತುಟಿಯ ವೈಪರ್ ಹಾಕಿ. ಒಂದರ ಹಿಂದೆ ಒಂದು ಎರಡು ರಾಡ್ ಸೀಲ್ ಕೊಡಿ. ಜಾಗ ಇದ್ದರೆ ರಾಡಿಗೆ ರಬ್ಬರ್ ಗವಸು ಹಾಕಿ. ಸೀಲ್ ಕಿಟ್ ಸುಲಭವಾಗಿ ಸಿಗಬೇಕು, ಹಳ್ಳಿಯ ಮೆಕ್ಯಾನಿಕ್ಕೂ ಬದಲಿಸುವಂತಿರಬೇಕು. ಬದಲಿಸೋದು ಕಷ್ಟ ಅಂದರೆ ಯಾರೂ ಬದಲಿಸುವುದಿಲ್ಲ, ಸೋರಿದಷ್ಟೂ ಎಣ್ಣೆ ತುಂಬುತ್ತಾ ಹೋಗುತ್ತಾರೆ, ಅಲ್ವಾ?

ಎಷ್ಟೇ ಮಾಡಿದರೂ ಒಮ್ಮೊಮ್ಮೆ ಎಣ್ಣೆ ಹರಿಯುವ ಹೋಸ್ ಒಡೆಯುತ್ತದೆ. ಅದಕ್ಕೇ ಮಣ್ಣಿನಲ್ಲಿ ಕೊಳೆಯುವ ಎಣ್ಣೆ ಬೇಕು. ಐಎಸ್‌ಒ 15380 ಅನ್ನುವ ಮಾನದಂಡದಲ್ಲಿ ಇವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಸಸ್ಯಜನ್ಯ ಎಣ್ಣೆ ಅಗ್ಗ, ಆದರೆ ಬಿಸಿ ತಡೆಯುವುದಿಲ್ಲ. ನಮ್ಮ ಬೇಸಿಗೆಗೆ ಸಿಂಥೆಟಿಕ್ ಎಸ್ಟರ್, ಅಂದರೆ ರಾಸಾಯನಿಕವಾಗಿ ತಯಾರಿಸಿದ ಎಣ್ಣೆ ವಾಸಿ. ಮಾಮೂಲಿ ಎಣ್ಣೆಗಿಂತ ಬೆಲೆ ಬಹಳ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲ ಯಂತ್ರಕ್ಕೂ ಇದೇ ಎಣ್ಣೆ ಹಾಕಿ ಅಂತಲೂ ಹೇಳುವುದಿಲ್ಲ. ನಿಮ್ಮ ಕೈಯಲ್ಲಿರುವುದು ಇಷ್ಟು: ಗಿರಾಕಿ ಕೇಳಿದ ದಿನ ಈ ಎಣ್ಣೆ ಹಾಕಲು ನಿಮ್ಮ ಸಿಲಿಂಡರ್ ತಯಾರಿರಬೇಕು. ಮಾಮೂಲಿ ನೈಟ್ರೈಲ್ ರಬ್ಬರಿನ ಸೀಲ್ ಬಿಸಿ ಎಸ್ಟರಿನಲ್ಲಿ ಉಬ್ಬಬಹುದು. ನೀರು ಸೇರಿದರೆ ಎಸ್ಟರ್ ಕೆಡುತ್ತದೆ, ಆದ್ದರಿಂದ ಟ್ಯಾಂಕಿನ ಉಸಿರುಗೊಳವೆಗೆ ತೇವ ಹೀರುವ ಫಿಲ್ಟರ್ ಬೇಕು. ಹಳೆ ಎಣ್ಣೆ ಪೂರ್ತಿ ತೆಗೆಯದೆ ಮೇಲೆ ಹೊಸದು ಸುರಿದರೆ ದುಡ್ಡು ದಂಡ. ಇವನ್ನೆಲ್ಲ ಪರೀಕ್ಷಿಸಿ, 'ಈ ಮಾಡೆಲ್‌ಗೆ ಈ ಎಣ್ಣೆ ನಡೆಯುತ್ತದೆ' ಅಂತ ಮ್ಯಾನ್ಯುವಲ್‌ನಲ್ಲಿ ಬರೆದುಬಿಡಿ. ಆ ಒಂದು ಸಾಲು ಇಲ್ಲ ಅಂತಲೇ ಎಷ್ಟೋ ಜನ ಹೆದರಿ ಹಳೆ ಎಣ್ಣೆಗೇ ಅಂಟಿಕೊಳ್ಳುತ್ತಾರೆ.

ಇನ್ನು ರಾಡಿನ ಮೇಲಿನ ಕ್ರೋಮ್ ಲೇಪನ, ಅಂದರೆ ಪ್ಲೇಟಿಂಗ್. ಸಣ್ಣ ಕಾರ್ಖಾನೆಗಳು ಸಾಮಾನ್ಯವಾಗಿ ಇದನ್ನು ಹೊರಗೆ ಜಾಬ್ ವರ್ಕ್ ಕೊಡುತ್ತವೆ, ನೀವೂ ಕೊಡುತ್ತಿರಬಹುದು. ಹಾರ್ಡ್ ಕ್ರೋಮ್ ತೊಟ್ಟಿಯಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು, ಮೀನಿಗೂ ವಿಷ. ತೊಳೆದ ನೀರು ಗಟಾರಕ್ಕೆ ಹೋದರೆ ತಪ್ಪು ಪ್ಲೇಟಿಂಗಿನವರದ್ದು ಅಂತ ನಾವು ಕೈ ತೊಳೆದುಕೊಳ್ಳುವಂತಿಲ್ಲ, ರಾಡ್ ನಮ್ಮದು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಕೇಳಿ. ಕೆಸರು ಎಲ್ಲಿಗೆ ಹೋಗುತ್ತದೆ ಅಂತ ರಸೀದಿ ನೋಡಿ. ಒಮ್ಮೆ ಹೇಳದೆ ಹೋಗಿ ಅವರ ಗಟಾರದ ಹತ್ತಿರ ನಿಂತು ನೋಡಿ, ಹಳದಿ ನೀರು ಹರಿಯುತ್ತಿದ್ದರೆ ಸುಮ್ನೆ ಬರಬೇಡಿ. ಕೆಲವು ಮಾಡೆಲ್‌ಗಳಿಗೆ ಕ್ರೋಮ್ ಬಿಟ್ಟು ನೈಟ್ರೈಡಿಂಗ್ (ಸಾರಜನಕದಿಂದ ಉಕ್ಕಿನ ಮೇಲ್ಮೈ ಗಟ್ಟಿ ಮಾಡುವ ವಿಧಾನ) ಮಾಡಿದ ರಾಡ್ ಸಾಕಾಗುತ್ತದೆ. ಯುರೋಪಿನಲ್ಲಿ ಈ ತೊಟ್ಟಿಗೆ ಹಾಕುವ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು 2017ರಿಂದಲೇ ವಿಶೇಷ ಪರವಾನಗಿ ಬೇಕು, ನಿಮ್ಮ ಗಿರಾಕಿಗೆ ಈ ವಿಷಯ ಗೊತ್ತಿರುತ್ತದೆ.

ನಿಮ್ಮ ಅಂಗಳವನ್ನೂ ಒಮ್ಮೆ ನೋಡಿ. ಲೋಹ ಕೊರೆದಾಗ ಬೀಳುವ ಚೂರುಗಳ, ಅಂದರೆ ಚಿಪ್ಸ್‌ನ ರಾಶಿ ಬಯಲಲ್ಲಿ ಬಿದ್ದಿದೆಯಾ? ಬೆಳಗಾವಿಯ ಮಳೆ ಅದರ ಮೇಲಿನ ಕೂಲಂಟನ್ನೆಲ್ಲ (ಕೊರೆಯುವಾಗ ಬಿಸಿ ತಣಿಸುವ ದ್ರವ) ತೊಳೆದು ಗಟಾರಕ್ಕೆ ಹಾಕುತ್ತದೆ. ಮೇಲೊಂದು ತಗಡಿನ ಮಾಡು, ಕೆಳಗೆ ಸಿಮೆಂಟ್ ನೆಲ, ಮೂಲೆಯಲ್ಲಿ ಒಂದು ಗುಂಡಿ. ಇಷ್ಟು ಸಾಕು. ಹಳೆ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಕೊಡಿ.

ಕಾಡಿಗೇನು ಸಂಬಂಧ ಅಂತ ಕೇಳಿದ್ದೀರಿ. ನಿಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಬಾರಾಪೇಡೆ ಗುಹೆಯಲ್ಲಿ ರಾಟನ್ಸ್ ಫ್ರೀಟೇಲ್ಡ್ ಅನ್ನುವ ಬಾವಲಿ ಇದೆ. ಬಹಳ ಕಾಲ ಇಡೀ ಜಗತ್ತಿನಲ್ಲಿ ಅದು ಕಂಡಿದ್ದು ಇದೊಂದೇ ಜಾಗದಲ್ಲಿ. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. ಹುಳ ತಿಂದು ಬದುಕುವ ಜೀವ ಅದು. ರಾತ್ರಿಯಿಡೀ ಉರಿಯುವ ಬಿಳಿ ಫ್ಲಡ್‌ಲೈಟ್ ಇಂಥ ಹುಳಗಳನ್ನು ಸೆಳೆದು ಸಾಯಿಸುತ್ತದೆ. ಕಾರ್ಖಾನೆಯ ದೀಪಕ್ಕೆ ಟೋಪಿ ಹಾಕಿ ಬೆಳಕು ಕೆಳಗೆ ಬೀಳುವಂತೆ ಮಾಡಿ. ಬೇಡದ ಹೊತ್ತಲ್ಲಿ ಆರಿಸಿ. ನೆಟ್ಟ ಗಿಡಗಳಿರಲಿ, ಮುಂದೆ ನೆಡುವಾಗ ಅತ್ತಿ, ನೇರಳೆ, ಹೊಂಗೆ ಆರಿಸಿ. ಅತ್ತಿ, ನೇರಳೆ ಹಣ್ಣಿಗೆ ಹಕ್ಕಿ ಬರುತ್ತವೆ.

ಫಾರ್ಮ್ ಬಗ್ಗೆ ಗಾಬರಿ ಬೇಡ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಆದ ಜಾಗತಿಕ ಜೀವವೈವಿಧ್ಯ ಒಪ್ಪಂದದ 15ನೇ ಗುರಿ ಇದೇ: ದೊಡ್ಡ ಕಂಪನಿಗಳು ತಮ್ಮ ಸರಬರಾಜುದಾರರವರೆಗೂ ಜೀವವೈವಿಧ್ಯದ ಲೆಕ್ಕ ಕೊಡಬೇಕು. ದೊಡ್ಡ ದೊಡ್ಡ ಮಾತು ಬರೆಯಬೇಡಿ. ನೀರಿನ ಹತ್ತಿರ ಕೆಲಸ ಮಾಡುವ ಮಾಡೆಲ್ ಯಾವುವು, ಅವುಗಳಲ್ಲಿ ಎಷ್ಟಕ್ಕೆ ವೈಪರ್ ಬದಲಿಸಿದಿರಿ, ಕಳೆದ ವರ್ಷ ಸೋರಿಕೆ ದೂರು ಎಷ್ಟು ಬಂದವು, ಪ್ಲೇಟಿಂಗಿನವರ ಪತ್ರ ಯಾವಾಗ ನೋಡಿದಿರಿ, ಇಷ್ಟು ಬರೆಯಿರಿ. ದೂರಿನ ಲೆಕ್ಕ ಇಟ್ಟಿಲ್ಲ ಅಂದರೆ ಈ ತಿಂಗಳೇ ಒಂದು ನೋಟ್‌ಬುಕ್ ತೆರೆಯಿರಿ.