ಪ್ರೊಟೆಸ್ಟೆಂಟ್ ಗೆಳೆಯನಿಗೆ ಕೊಡುವ ಉತ್ತರ ಬೇರೆ, ನಾಸ್ತಿಕ ಗೆಳೆಯನಿಗೆ ಕೊಡುವ ಉತ್ತರ ಬೇರೆ

ಕಾರವಾರದ ಪಿಜಿಯಲ್ಲಿ ಒಬ್ಬ ಪ್ರೊಟೆಸ್ಟೆಂಟ್, ಒಬ್ಬ ನಾಸ್ತಿಕ, ನಡುವೆ ನೀವೊಬ್ಬರೇ ಕಥೋಲಿಕರು. ಊಟ ಮುಗಿದ ಮೇಲೆ ಶುರುವಾಗುವ ವಾದದಲ್ಲಿ ಇಬ್ಬರ ಬಾಯನ್ನೂ ಮುಚ್ಚಿಸುವಂಥ ಉತ್ತರಗಳು ಬೇಕು ಅಂತ ಕೇಳಿದ್ದೀರಿ. ಆ ಕೋಣೆಯನ್ನು ನಾನು ಬಲ್ಲೆ. ನಮ್ಮದು ಕೋಡಿಬಾಗದಲ್ಲಿತ್ತು.

ನಾನು ಹೊನ್ನಾವರ ಕಡೆಯವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂಜೆಯಾದರೆ ಜಪಸರ. ಒಬ್ಬ ಗೆಳೆಯ ಧಾರವಾಡದವನು, ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ, ಕಿಟೆಲರ ನಿಘಂಟನ್ನು ಮನೆಯ ಆಸ್ತಿಯಂತೆ ಹೇಳಿಕೊಳ್ಳುತ್ತಿದ್ದ. ಇನ್ನೊಬ್ಬ ಶಿರಸಿಯ ಹವ್ಯಕರ ಹುಡುಗ. ಎಚ್. ನರಸಿಂಹಯ್ಯನವರನ್ನು ಓದಿ ದೇವರು, ಜನಿವಾರ ಎರಡನ್ನೂ ಬಿಟ್ಟಿದ್ದ.

ಆ ನವೆಂಬರ್ 2ಕ್ಕೆ, ಮೃತರ ಸ್ಮರಣೆಯ ದಿನ, ಅಪ್ಪನ ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಲು ನಾನು ಊರಿಗೆ ಹೊರಟಿದ್ದೆ. ಹಿಂದಿನ ರಾತ್ರಿ ಧಾರವಾಡದವನು ಕೇಳಿದ: “ನಿಮ್ಮಪ್ಪನ ಸಲುವಾಗಿ ಪ್ರಾರ್ಥನಾ ಮಾಡ್ತಿ, ಮಾಡು. ಆದ್ರ ಬೈಬಲ್‌ನ್ಯಾಗ ಎಲ್ಲಿ ಐತಿ, ತೋರ್ಸು ಅಷ್ಟ.” ಎರಡನೆಯ ಮಕ್ಕಬಿಯರ ಗ್ರಂಥ, 12ನೆಯ ಅಧ್ಯಾಯ ಎಂದೆ. “ಅದು ನಮ್ಮ ಬೈಬಲ್‌ನ್ಯಾಗ ಇಲ್ಲಲ್ಲೋ” ಎಂದ. ಅವನು ಹೇಳಿದ್ದು ನಿಜ. ಅವರದು 66 ಪುಸ್ತಕ, ನಮ್ಮದು 73.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಕೇಳುತ್ತಿರುವುದು ಅದೇ ಆಯುಧವನ್ನು.

66 ಸರಿ ಅಂತ ನಿನಗೆ ಹೇಳಿದವರು ಯಾರು ಎಂದು ಕೇಳಿದೆ. ಯಾವ ಯಾವ ಪುಸ್ತಕ ದೇವರ ವಾಕ್ಯ ಎಂಬ ಪಟ್ಟಿ ಬೈಬಲಿನೊಳಗೆ ಎಲ್ಲೂ ಇಲ್ಲ. ಈ ಮಾತು ಸರಿಯಾದದ್ದೇ, ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಿಬ್ರಿಯರಿಗೆ ಬರೆದ ಪತ್ರದ ಲೇಖಕ ಯಾರೆಂದೇ ಗೊತ್ತಿಲ್ಲ ಎಂದೆ. ಪೇತ್ರನ ಎರಡನೆಯ ಪತ್ರದ ಬಗ್ಗೆ ಮೊದಲ ಶತಮಾನಗಳಲ್ಲೇ ಅನುಮಾನವಿತ್ತು, ಪ್ರಕಟನೆಯ ಗ್ರಂಥವನ್ನು ಪೂರ್ವದ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಎಷ್ಟೋ ಜನ ಒಪ್ಪಿರಲಿಲ್ಲ, ಮಾರ್ಕನ ಕೊನೆಯ ಹನ್ನೆರಡು ವಚನಗಳು ಅತ್ಯಂತ ಹಳೆಯ ಎರಡು ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಎಲ್ಲವೂ ನಿಜ. ಸಭೆಯ ಅಧಿಕಾರವಿಲ್ಲದೆ ಬೈಬಲ್ ನಿಲ್ಲುವುದಿಲ್ಲ ಎಂದು ಸಾಧಿಸುವುದು ನನ್ನ ಉದ್ದೇಶವಾಗಿತ್ತು. ಕೇಳುವವನಿಗೆ ಕಂಡದ್ದು ಬೈಬಲೇ ನಿಲ್ಲುವುದಿಲ್ಲ ಎಂದು.

ಮೂಲೆಯಲ್ಲಿ ಕೂತಿದ್ದ ಶಿರಸಿಯವನು ಆಗ ಬಾಯಿಬಿಟ್ಟ. “ಮಾರಾಯಾ, ಅವನ ಪಟ್ಟಿ ಮನುಷ್ಯರು ಮಾಡಿದ್ದು ಅಂತ ನೀನೇ ಹೇಳ್ದೆ. ನಿನ್ನ 73ರ ಪಟ್ಟಿ ಮಾಡಿದವರೂ ಮನುಷ್ಯರೇ ಅಲ್ದಾ? ಹಾಗಾದ್ರೆ ಇಬ್ರೂ ಯಾಕೆ ಅದನ್ನ ತಲೆಮೇಲೆ ಹೊತ್ಕೊಂಡಿದ್ದೀರಿ?” ನನ್ನಲ್ಲಿ ಉತ್ತರವಿರಲಿಲ್ಲ. ಕೂತ ಕೊಂಬೆಯನ್ನು ನಾನೇ ಕಡಿದಿದ್ದೆ, ಅದರ ಮೇಲೆ ಧಾರವಾಡದವನೂ ಕೂತಿದ್ದ.

ಅವನಿಗೆ ಓದು ಕಲಿಸಿದ್ದೇ ಅಮ್ಮ, ಅದೂ ಬೈಬಲ್ ಹಿಡಿದು. ಆ ರಾತ್ರಿ ಅವನು ಮಾತಾಡಲಿಲ್ಲ. ತಿಂಗಳ ಕೊನೆಗೆ ಕೋಣೆ ಬಿಟ್ಟ. ಆಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟನಂತೆ ಎಂದು ತಿಳಿಯಿತು. ಅವನು ಕಥೋಲಿಕನಾಗಲಿಲ್ಲ, ಪ್ರೊಟೆಸ್ಟೆಂಟ್ ಆಗಿಯೂ ಉಳಿಯಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು ಎಂದು ಸಮಾಧಾನ ಹೇಳಿದವರಿದ್ದಾರೆ, ನಾನು ಒಪ್ಪಿಲ್ಲ.

ತಪ್ಪು ಎಲ್ಲಿತ್ತು? ಇದು ದೇವರ ವಾಕ್ಯ ಎಂಬುದು ಪ್ರೊಟೆಸ್ಟೆಂಟ್ ಗೆಳೆಯನಿಗೂ ನಿಮಗೂ ಸಮಾನ ನೆಲ. ವಾದ ಅಲ್ಲಿಂದ ಮುಂದಕ್ಕೆ ಹೋಗಬೇಕು: ನಾವಿಬ್ಬರೂ ನಂಬುವ ಈ ಗ್ರಂಥ ನಮ್ಮ ಕೈಗೆ ಬಂದದ್ದು ಹೇಗೆ, ಯಾರು ಕಾಪಾಡಿ ಕೊಟ್ಟರು? ನಾಸ್ತಿಕನಿಗೆ ಆ ನೆಲವೇ ಇಲ್ಲ. ಅವನ ಜೊತೆ ಮೊದಲು ದೇವರಿದ್ದಾನೆಯೇ, ಯೇಸು ಯಾರು, ಪುನರುತ್ಥಾನವನ್ನು ಸಾರಿದವರು ಯಾಕೆ ಪ್ರಾಣ ಕೊಡಲು ಸಿದ್ಧರಾದರು ಎಂಬಲ್ಲಿಂದ ಹೊರಡಬೇಕು. ಪುಸ್ತಕಗಳ ಪಟ್ಟಿ ಬರುವುದು ಬಹಳ ಆಮೇಲೆ. ನಾಸ್ತಿಕನ ಅಸ್ತ್ರವನ್ನು ಎರವಲು ತಂದು ಪ್ರೊಟೆಸ್ಟೆಂಟನಿಗೆ ಹೊಡೆದರೆ ಪೆಟ್ಟು ಬೀಳುವುದು ಯೇಸುವಿಗೆ. ಆದ್ದರಿಂದ ಇಬ್ಬರ ಬಾಯನ್ನೂ ಮುಚ್ಚಿಸುವ ಉತ್ತರ ಎಂಬುದೇ ಇಲ್ಲ. ಮೂವರೂ ಒಟ್ಟಿಗೆ ಕೂತು ವಾದ ಮಾಡುವುದನ್ನು ಇವತ್ತೇ ನಿಲ್ಲಿಸಿ. ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ, ಟಾಗೋರ್ ಬೀಚಿನಲ್ಲಿ ನಡೆಯುತ್ತಾ ಮಾತಾಡಿ.

ಅಂದು ನಾನು ಪುಸ್ತಕದ ಜಗಳಕ್ಕೇ ಹೋಗಬೇಕಿರಲಿಲ್ಲ. ಸಂತ ಆಗಸ್ಟೀನರ ತಾಯಿ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ಸಾಯುವ ಮುಂಚೆ ಮಗನಿಗೆ ಹೇಳಿದ್ದು, ನನ್ನ ದೇಹವನ್ನು ಎಲ್ಲಾದರೂ ಹೂಳಿ, ದೇವರ ಬಲಿಪೀಠದ ಮುಂದೆ ಮಾತ್ರ ಪ್ರಾರ್ಥನೆಯಲ್ಲಿ ನನ್ನನ್ನು ನೆನೆಯಿರಿ ಎಂದು. ಆಗಸ್ಟೀನರನ್ನು ಪ್ರೊಟೆಸ್ಟೆಂಟರೂ ಗೌರವಿಸುತ್ತಾರೆ, ಪ್ರೊಟೆಸ್ಟೆಂಟ್ ಚಳವಳಿ ಶುರುಮಾಡಿದ ಲೂಥರ್ ಆಗಸ್ಟೀನರ ಹೆಸರಿನ ಮಠದಲ್ಲೇ ಇದ್ದವರು. ಇಷ್ಟು ಹಳೆಯ ಕ್ರೈಸ್ತರು ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದರು ಎಂದಿದ್ದರೆ ಧಾರವಾಡದವನು ಒಪ್ಪದಿದ್ದರೂ ನನ್ನ ಅಪ್ಪನ ಸಮಾಧಿಯ ಮೇಲಿನ ಬತ್ತಿ ಅವನಿಗೆ ಅರ್ಥವಾಗುತ್ತಿತ್ತು.

ಪಟ್ಟಿಯ ಮಾತು ಬಂದೇ ಬಂದರೆ, “ಲೂಥರ್ ಏಳು ಪುಸ್ತಕ ಹರಿದು ಬಿಸಾಡಿದ” ಎಂಬ ನಮ್ಮವರ ಮಾತನ್ನು ಆಡಬೇಡಿ. 1534ರ ಅವರ ಬೈಬಲಿನಲ್ಲಿ ಅವು ಇದ್ದವು, ಪ್ರತ್ಯೇಕ ಭಾಗದಲ್ಲಿ, ಓದಲು ಒಳ್ಳೆಯವು ಎಂಬ ಮಾತಿನೊಂದಿಗೆ. ಅನುಮಾನ ಲೂಥರರಿಂದ ಶುರುವಾದದ್ದೂ ಅಲ್ಲ, ಸಂತ ಜೆರೋಮರಿಗೇ ಇತ್ತು. ಹಾಗೆಯೇ “1546ರಲ್ಲಿ ಟ್ರೆಂಟಿನ ಬಿಷಪರ ಮಹಾಸಭೆಯಲ್ಲಿ ಕಥೋಲಿಕರು ಸೇರಿಸಿಕೊಂಡರು” ಎಂಬ ಪ್ರೊಟೆಸ್ಟೆಂಟರ ಮಾತೂ ನಿಲ್ಲದು. 397ರ ಕಾರ್ಥೇಜ್ ಸಭೆಯ ಪಟ್ಟಿಯಲ್ಲೇ ಅವು ಇವೆ, 1442ರಲ್ಲಿ ಫ್ಲಾರೆನ್ಸ್ ಸಭೆ ಮತ್ತೆ ಹೇಳಿದೆ. ಅರ್ಧ ಸತ್ಯದಿಂದ ಗೆದ್ದವನನ್ನು ಎದುರಿನವನು ಒಂದು ದಿನ ಹಿಡಿಯುತ್ತಾನೆ, ಆಮೇಲೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ.

ವಿಶ್ವಾಸ ಮಾತ್ರವೇ ಸಾಕೇ ಎಂಬ ಪ್ರಶ್ನೆಗೂ ಅಷ್ಟೇ. ಬರೀ ವಿಶ್ವಾಸ ಸಾಲದು, ಕ್ರಿಯೆಯೂ ಬೇಕು ಎನ್ನುವ ಯಾಕೋಬನ ಪತ್ರದ 2:24 ಎತ್ತಿ ಬಡಿಯುವ ಮುಂಚೆ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಇದೇ ವಿಷಯದ ಮೇಲೆ ಸಹಿ ಹಾಕಿದ ಜಂಟಿ ಘೋಷಣೆಯನ್ನು ಓದಿ. ಎಲ್ಲಾ ಭೇದ ತೀರಿಲ್ಲ, ಆದರೆ ನಿಮ್ಮ ಕೋಣೆಯ ಜಗಳದ ಮುಕ್ಕಾಲು ಭಾಗವನ್ನು ನಮಗಿಂತ ದೊಡ್ಡವರು ಆಗಲೇ ಬಗೆಹರಿಸಿದ್ದಾರೆ.

ಶಿರಸಿಯವನ ಗೆಳೆತನ ಉಳಿಯಿತು, ಈಗಲೂ ವಾದ ಮಾಡುತ್ತೇವೆ. ಮಹಾಸ್ಫೋಟದ ಸಿದ್ಧಾಂತ ಕೊಟ್ಟ ಜಾರ್ಜ್ ಲೆಮೈತ್ರ್ ಕಥೋಲಿಕ ಗುರು ಎಂಬುದು ಅವನ ಮುಂದೆ ನಮ್ಮವರು ಬೀಸುವ ಮೊದಲ ಬಾಣ. ವಿಜ್ಞಾನಕ್ಕೆ ಸಭೆ ಶತ್ರುವಲ್ಲ ಎನ್ನಲು ಅದು ಸಾಕು. ದೇವರಿದ್ದಾನೆ ಎನ್ನಲು ಸಾಲದು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಆ ಸಿದ್ಧಾಂತವನ್ನು ಸೃಷ್ಟಿಗೆ ಹೊಂದಿಸಿ ಮಾತಾಡಿದ್ದು ಲೆಮೈತ್ರರಿಗೇ ಹಿಡಿಸಿರಲಿಲ್ಲ.

ಗೋವಾದ ಇಂಕ್ವಿಸಿಷನ್, ಅಂದರೆ ಧರ್ಮದ್ರೋಹದ ಹೆಸರಲ್ಲಿ ಜನರನ್ನು ಶಿಕ್ಷಿಸಿದ ವಿಚಾರಣಾ ನ್ಯಾಯಾಲಯದ ಬಗ್ಗೆ ನಿಮ್ಮ ನಾಸ್ತಿಕ ಗೆಳೆಯ ಕೇಳಿಯೇ ಕೇಳುತ್ತಾನೆ. ಮಾಜಾಳಿ ದಾಟಿದರೆ ಗೋವಾ, ನಮ್ಮಲ್ಲಿ ದೂರದ ಕಥೆಯಲ್ಲ ಅದು. ಅಲ್ಲಿಂದ ಓಡಿಬಂದ ನೆನಪು ಈ ಕರಾವಳಿಯ ಎಷ್ಟೋ ಹಿಂದೂ ಮನೆಗಳಲ್ಲಿದೆ. ಪೋರ್ಚುಗೀಸ್ ಸರ್ಕಾರ ಮಾಡಿದ್ದು ಎಂದು ಜಾರಿಕೊಳ್ಳಬೇಡಿ. ಟಿಪ್ಪುವಿನ ಕಾಲದಲ್ಲಿ ನಮ್ಮವರು ಸೆರೆಯಾದದ್ದನ್ನು ತಂದು ತೂಗಬೇಡಿ. 1560ರಲ್ಲಿ ಶುರುವಾಯಿತು, ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು, ತಪ್ಪಾಗಿತ್ತು ಎನ್ನಿ. ಸಭೆಯ ಮಕ್ಕಳು ಸತ್ಯದ ಹೆಸರಲ್ಲಿ ಮಾಡಿದ ಹಿಂಸೆಗೆ ಎರಡನೆಯ ಜಾನ್ ಪಾಲರು 2000ದ ಮಾರ್ಚ್ 12ರಂದು ದೇವರ ಕ್ಷಮೆ ಬೇಡಿದರು. ಪೋಪ್ ಬೇಡಿದ್ದನ್ನು ನೀವು ಬೇಡಲು ನಾಚಬೇಕಿಲ್ಲ. ದೇವರಿದ್ದರೆ ಮಕ್ಕಳು ಯಾಕೆ ನರಳಿ ಸಾಯುತ್ತಾರೆ ಎಂದರೆ ಯೋಬನ ಗ್ರಂಥದ ಕೊನೆಯ ಅಧ್ಯಾಯ ನೋಡಿಕೊಳ್ಳಿ: ದೇವರು ಸಿಟ್ಟಾಗುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಗೆಳೆಯರ ಮೇಲೆ.

ನಿಮ್ಮ ಕೊನೆಯ ಪ್ರಶ್ನೆ, ಮಾತೆ ಮರಿಯಳ ಪ್ರತಿಮೆಯನ್ನು ವಿಗ್ರಹಾರಾಧನೆ ಎಂದರೆ ಏನು ಹೇಳಲಿ ಎಂದು. ವಿಗ್ರಹ ಮಾಡಬೇಡಿ ಎಂಬ ವಿಮೋಚನಾಕಾಂಡ 20ರ ಆಜ್ಞೆಯನ್ನು ಪ್ರೊಟೆಸ್ಟೆಂಟ್ ಗೆಳೆಯ ತೋರಿಸುತ್ತಾನೆ. ನೀವು 25ನೆಯ ಅಧ್ಯಾಯದಲ್ಲಿ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮೇಲೆ ದೇವರೇ ಮಾಡಿಸಿದ ಕೆರೂಬಿಗಳನ್ನೂ (ರೆಕ್ಕೆಯ ದೂತರ ಮೂರ್ತಿಗಳು), ಮೋಶೆ ಎತ್ತಿ ನಿಲ್ಲಿಸಿದ ಕಂಚಿನ ಸರ್ಪವನ್ನೂ ತೋರಿಸಿ. ಆಮೇಲೆ, ಅವನು ಹುಡುಕುವ ಮೊದಲೇ, ಅರಸುಗಳ ಎರಡನೆಯ ಗ್ರಂಥದ 18:4 ಅನ್ನು ನೀವೇ ತೆಗೆದು ಓದಿ: ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿದ. ನಮ್ಮ ಚರ್ಚಿನ ಹಬ್ಬಗಳಾದ ಫೆಸ್ತಗಳಲ್ಲಿ ಕೆಲವು ಕಡೆ ಆ ಗೆರೆ ದಾಟುತ್ತದೆ ಎಂದು ಅವನು ಹೇಳಿದರೆ, ದಾಟುವುದನ್ನು ನೀವೂ ಕಂಡಿದ್ದರೆ, ಹೌದು ಎನ್ನಿ.